ಆವತ್ತು ಏನು ಹಾಕ್ಕೊಂಡಿದ್ದೆ?

ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ ಮನೆಯವರೇ ಎಷ್ಟೋ ಸಲ ಮೊದಲು ಕೇಳೋ ಪ್ರಶ್ನೆ ಇದು. ಮಾಡಿದವನನ್ನ ಮಾತ್ರ ಯಾರೂ ಏನೂ ಕೇಳಲ್ಲ, ಬಿಡಿ.

2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಓದುತ್ತಿದ್ದ ಜಸ್ಮೀನ್ ಪಾಥೇಜಾ 'ಬ್ಲ್ಯಾಂಕ್ ನಾಯ್ಸ್' ಶುರುಮಾಡಿದರು. ಈ ತಂಡ ಆ ಪ್ರಶ್ನೆಗೆ ಬಟ್ಟೆಯಲ್ಲೇ ಉತ್ತರ ಕೊಡ್ತು. ಕಿರುಕುಳ ನಡೆದ ದಿನ ತೊಟ್ಟಿದ್ದ ಉಡುಪನ್ನ ತಂದುಕೊಡಿ ಅಂತ ಹೆಂಗಸರನ್ನ ಕೇಳ್ತು. ಬಂದದ್ದು ನೋಡಿ: ಗೌನು, ಪ್ಯಾಂಟು, ಶಾಲೆ ಯೂನಿಫಾರ್ಮು. ಹೌದು, ಯೂನಿಫಾರ್ಮು.

ಇವರದೇ ಇನ್ನೊಂದು ಕೆಲಸ, 'ಮೀಟ್ ಟು ಸ್ಲೀಪ್'. ಪಾರ್ಕಿನಲ್ಲಿ ಗಂಡಸರು ಮುಖಕ್ಕೆ ಟವೆಲ್ ಹಾಕ್ಕೊಂಡು ಗೊರಕೆ ಹೊಡೆದರೆ ಯಾರೂ ತಿರುಗಿ ನೋಡಲ್ಲ. ಹಾಗೇ ಹೆಂಗಸರೂ ಗುಂಪಾಗಿ ಬಂದು, ಹುಲ್ಲಿನ ಮೇಲೆ ಹಾಸಿಕೊಂಡು, ಹಗಲಲ್ಲೇ ನಿದ್ದೆ ಮಾಡ್ತಾರೆ.

ಕಿರುಕುಳ ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತುರ್ತು ಇದ್ದರೆ 112.