ಅಂಪೈರ್ ಇಲ್ಲದ ಮೈದಾನದಲ್ಲಿ ಕಲಿಯುವ ನ್ಯಾಯ

ಆಟದಿಂದ ಮಕ್ಕಳ ಗುಣ ತಿದ್ದಬಹುದು ಎಂಬ ಮಾತು ನಮ್ಮ ಶಾಲೆಗಳಿಗೆ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರ ವಸತಿಶಾಲೆಗಳು ಕ್ರಿಕೆಟ್ಟನ್ನೂ ರಗ್ಬಿಯನ್ನೂ ನೀತಿಪಾಠದ ಜಾಗದಲ್ಲಿ ಕೂರಿಸಿದವು. ರಗ್ಬಿ ಶಾಲೆಯ ಹುಡುಗರ ಬದುಕನ್ನು ಕುರಿತು ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಕಾದಂಬರಿ ಆ ನಂಬಿಕೆಯನ್ನು ಊರೂರಿಗೆ ಹರಡಿತು. ಇಂದಿಗೂ ಕ್ರೀಡಾಕೂಟ ಉದ್ಘಾಟಿಸಲು ಬಂದ ಅತಿಥಿಗಳು ಶಿಸ್ತು, ಸಹಬಾಳ್ವೆ, ಸೋಲನ್ನು ಸಮಚಿತ್ತದಿಂದ ಸ್ವೀಕರಿಸುವ ಗುಣ ಎಂದು ಅದನ್ನೇ ಹೇಳುತ್ತಾರೆ. ಆದರೆ ಇದೇ ಕ್ರಿಕೆಟ್ ನಮ್ಮ ನೆಲದಲ್ಲಿ ಬೇರೂರುತ್ತಿದ್ದಾಗ ಧಾರವಾಡದಲ್ಲಿ ಹುಟ್ಟಿದ ಒಬ್ಬ ಬೌಲರ್ ಏನನ್ನು ಅನುಭವಿಸಿದರು ಎಂಬುದನ್ನು ನೋಡಬೇಕು. ದಲಿತರಾಗಿದ್ದ ಪಾಲ್ವಂಕರ್ ಬಾಲೂ ಪುಣೆಯಲ್ಲಿ ಹಿಂದೂಗಳ ಕ್ಲಬ್ಬಿಗೆ ಆಡುತ್ತಿದ್ದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮೇಲ್ಜಾತಿಯ ಜೊತೆಗಾರರೂ ಮುಟ್ಟುತ್ತಿದ್ದರು. ಚಹಾ ವಿರಾಮ ಬಂದರೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಆ ಮನುಷ್ಯನಿಗೆ ಹಿಂದೂ ತಂಡದ ನಾಯಕತ್ವ ಕೊನೆಗೂ ದಕ್ಕಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠಲ್ ಅವರಿಗೆ ಸಿಕ್ಕಿತು, ಅದೂ ದೊಡ್ಡ ಹೋರಾಟದ ನಂತರ. ಬಾಲೂ ಜೊತೆ ದಿನವಿಡೀ ಆಡಿಯೂ ಅವರ ಪಕ್ಕದಲ್ಲಿ ಕುಳಿತು ಚಹಾ ಕುಡಿಯದವರಿಗೆ ಆಟ ಏನು ಕಲಿಸಿತ್ತು?

ಈ ಪ್ರಶ್ನೆಯನ್ನು ಎದುರಿಸದೆ ಕ್ರೀಡೆಯನ್ನು ಹೊಗಳುವುದು ಸುಲಭ. ನನ್ನ ವಾದ ಇಷ್ಟು: ಬೆಳೆಯುವ ವಯಸ್ಸಿನಲ್ಲಿ ಆಡಿದ ಆಟ ಮನುಷ್ಯನ ಮೌಲ್ಯಗಳನ್ನು ನಿಜವಾಗಿಯೂ ರೂಪಿಸುತ್ತದೆ, ಆದರೆ ಚೆಂಡೋ ಬ್ಯಾಟೋ ಆ ಕೆಲಸ ಮಾಡುವುದಿಲ್ಲ. ನಿಯಮವನ್ನು ಕಾಯುವವರು ಯಾರು, ಆಟದೊಳಗೆ ಯಾರಿಗೆ ಜಾಗವಿದೆ ಎಂಬ ಎರಡು ಸಂಗತಿಗಳು ಮಾಡುತ್ತವೆ. ನಾವೀಗ ಮಕ್ಕಳ ಆಟವನ್ನು ಕೋಚಿಂಗ್ ಆಗಿ ಬದಲಿಸುತ್ತಿರುವ ರೀತಿಯಲ್ಲಿ ಮೊದಲನೆಯದನ್ನು ಮಕ್ಕಳ ಕೈಯಿಂದ ಕಿತ್ತುಕೊಂಡಿದ್ದೇವೆ. ಎರಡನೆಯದನ್ನು ಗಮನಿಸುವುದನ್ನೇ ಬಿಟ್ಟಿದ್ದೇವೆ.

ಮಗು ನ್ಯಾಯವನ್ನು ಹೇಗೆ ಅರಿಯುತ್ತದೆ ಎಂದು ತಿಳಿಯಲು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೋದದ್ದು ತರಗತಿಗಲ್ಲ, ಗೋಲಿಯಾಟದ ಬಳಿಗೆ. ಜಿನೀವಾ ಮತ್ತು ನ್ಯೂಶಾಟೆಲ್ ಊರುಗಳ ಹುಡುಗರು ಗೋಲಿ ಆಡುವುದನ್ನು ಅವರು ಕುಳಿತು ನೋಡಿದರು, ನಿಯಮಗಳನ್ನು ಹೇಳಿಕೊಡಿ ಎಂದು ಕೇಳಿದರು, ಈ ನಿಯಮ ಎಲ್ಲಿಂದ ಬಂತು, ಇದನ್ನು ಬದಲಾಯಿಸಬಹುದೇ ಎಂದು ಕೆಣಕಿದರು. 1932ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಕಂಡ ಸಂಗತಿ ವಿಚಿತ್ರವಾಗಿದೆ. ಪುಟ್ಟ ಮಕ್ಕಳ ಪಾಲಿಗೆ ನಿಯಮವೆಂದರೆ ಹಿರಿಯರು ಕೊಟ್ಟದ್ದು, ದೇವರು ಕೊಟ್ಟದ್ದು, ಅಲುಗಾಡಿಸಲಾಗದ್ದು. ಹಾಗೆ ಹೇಳುತ್ತಲೇ ಅವರು ತಮಗೆ ತೋಚಿದಂತೆ ಆಡಿ ಎಲ್ಲರೂ ಗೆದ್ದೆವು ಎನ್ನುತ್ತಿದ್ದರು. ಹತ್ತು ಹನ್ನೊಂದು ವಯಸ್ಸಿನ ಹೊತ್ತಿಗೆ ಇದು ತಿರುಗುಮುರುಗಾಗುತ್ತದೆ. ನಿಯಮ ನಾವೇ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದು ದೊಡ್ಡ ಹುಡುಗರು ಹೇಳುತ್ತಿದ್ದರು. ಅದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದವರೂ ಅವರೇ. ಮೇಲಿನಿಂದ ಬಂದ ನಿಯಮಕ್ಕೆ ಬಾಯಲ್ಲಿ ಭಕ್ತಿ, ನಡತೆಯಲ್ಲಿ ಉಪೇಕ್ಷೆ. ತಾವೇ ಒಪ್ಪಿ ಕಟ್ಟಿದ ನಿಯಮಕ್ಕೆ ನಿಜವಾದ ಗೌರವ. ಮಕ್ಕಳನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವುದು ಉಪದೇಶವಲ್ಲ, ಸರೀಕರೊಡನೆ ಮತ್ತೆ ಮತ್ತೆ ಹೂಡುವ ಚೌಕಾಸಿ ಎಂಬುದು ಪಿಯಾಜೆ ಅವರ ತೀರ್ಮಾನ. ಅವರ ವಯೋಮಾನದ ಗೆರೆಗಳನ್ನು ಮುಂದಿನ ಸಂಶೋಧಕರು ಸಾಕಷ್ಟು ತಿದ್ದಿದ್ದಾರೆ, ಆದರೆ ಈ ಒಳನೋಟ ಉಳಿದಿದೆ.

ನಮ್ಮ ಗಲ್ಲಿ ಕ್ರಿಕೆಟ್ಟಿನ ಕಾನೂನುಗಳನ್ನೇ ತೆಗೆದುಕೊಳ್ಳಿ. ಮೊದಲ ಎಸೆತ ಟ್ರಯಲ್ ಬಾಲ್. ಎದುರು ಮನೆಯ ಕಾಂಪೌಂಡಿಗೆ ಚೆಂಡು ನೇರವಾಗಿ ಬಿದ್ದರೆ ಔಟ್, ಏಕೆಂದರೆ ಆ ಮನೆಯವರು ಚೆಂಡು ವಾಪಸ್ ಕೊಡುವುದಿಲ್ಲ. ಜಾಗ ಇಕ್ಕಟ್ಟಾದರೆ ಒನ್ ಪಿಚ್ ಕ್ಯಾಚ್. ಒಬ್ಬ ಹೆಚ್ಚಾದರೆ ಅವನು ಎರಡೂ ಕಡೆ ಬ್ಯಾಟ್ ಮಾಡುತ್ತಾನೆ. ಅಣ್ಣನ ಹಿಂದೆ ಬಂದು ಅಳುತ್ತ ನಿಂತ ಪುಟ್ಟ ಹುಡುಗ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇವನ್ನು ಯಾವ ಮಂಡಳಿಯೂ ಬರೆದುಕೊಟ್ಟಿಲ್ಲ. ಪ್ರತಿಯೊಂದೂ ಒಂದು ನಿಜವಾದ ತಕರಾರಿಗೆ ಮಕ್ಕಳೇ ಕಂಡುಕೊಂಡ ಪರಿಹಾರ. ಆ ಕೊನೆಯ ಏರ್ಪಾಡಂತೂ ನನಗೆ ಬಹಳ ಇಷ್ಟ: ದುರ್ಬಲನನ್ನು ಹೊರಗೂ ಹಾಕದೆ, ಅವನಿಂದ ಆಟವೂ ಕೆಡದೆ, ಮಕ್ಕಳು ಒಂದು ಉದಾರ ವ್ಯವಸ್ಥೆಯನ್ನು ಮಾಡಿಕೊಂಡಿದ್ದಾರೆ. ಇನ್ನು ಔಟೋ ನಾಟೌಟೋ ಎಂಬ ಜಗಳ. ದೊಡ್ಡವರ ಕಣ್ಣಿಗೆ ಅದು ವ್ಯರ್ಥ ಗಲಾಟೆ. ಆದರೆ ಅಲ್ಲಿ ಸಾಕ್ಷಿ ಕೇಳುವುದು ನಡೆಯುತ್ತದೆ, ನಿನ್ನೆ ನಿನಗೆ ಇದೇ ರೀತಿ ಬಿಟ್ಟುಕೊಟ್ಟಿರಲಿಲ್ಲವೇ ಎಂಬ ಪೂರ್ವನಿದರ್ಶನದ ಮಾತು ಬರುತ್ತದೆ, ಕೊನೆಗೆ ಆ ಚೆಂಡನ್ನು ಮತ್ತೆ ಎಸೆಯೋಣ ಎಂಬ ರಾಜಿ ಆಗುತ್ತದೆ. ಎದುರಾಳಿ ಮುನಿಸಿಕೊಂಡು ಮನೆಗೆ ಹೋದರೆ ಆಡಲು ಜನ ಸಾಲದು ಎಂಬ ಒಂದೇ ಭಯ ಬಲಿಷ್ಠನನ್ನೂ ಬಗ್ಗಿಸುತ್ತದೆ. ಯಾವಾಗ ಬೇಕಾದರೂ ಆಟ ಬಿಟ್ಟು ಹೋಗುವ ಈ ಸ್ವಾತಂತ್ರ್ಯವೇ ಇತರರ ಮನಸ್ಸನ್ನು ಅರಿಯುವಂತೆ ಮಕ್ಕಳನ್ನು ಒತ್ತಾಯಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ ವಾದಿಸಿದ್ದಾರೆ.

ಹಿರಿಯರು ನಡೆಸುವ ಪಂದ್ಯದಲ್ಲಿ ಈ ಇಡೀ ಕೆಲಸ ಸೀಟಿ ಊದುವವರ ಪಾಲಾಗುತ್ತದೆ. ತೀರ್ಪು ಹೊರಗಿನಿಂದ ಬರುವುದರಿಂದ ಅದನ್ನು ತಪ್ಪಿಸುವುದೂ ಒಂದು ಜಾಣತನವಾಗುತ್ತದೆ: ಅಂಪೈರ್ ನೋಡದಿದ್ದರೆ ಅದು ತಪ್ಪೇ ಅಲ್ಲ. ಇದಕ್ಕಿಂತ ಕೆಟ್ಟದ್ದು ವಯಸ್ಸಿನ ವಂಚನೆ. ಹದಿನಾರರೊಳಗಿನ ತಂಡಕ್ಕೆ ಹದಿನೆಂಟರ ಹುಡುಗನನ್ನು ಸೇರಿಸಲು ಜನನ ಪ್ರಮಾಣಪತ್ರ ತಿದ್ದುವವರು ಮಕ್ಕಳಲ್ಲ, ಅವರ ಸುತ್ತಲಿನ ಹಿರಿಯರು. ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ಪಿಡುಗನ್ನೇ ಎತ್ತಿಕೊಂಡು, ಇದು ಆಟದ ಸಂಸ್ಕೃತಿಗೇ ವಿಷ ಎಂಬಂತೆ ಎಚ್ಚರಿಸಿದರು. ಭಾರತದ ಕ್ರಿಕೆಟ್ ಮಂಡಳಿ ಈಗ ಹುಡುಗರ ಮೂಳೆಯ ಎಕ್ಸ್-ರೇ ತೆಗೆಸಿ ವಯಸ್ಸು ಅಳೆಯುತ್ತದೆ. ಅಪ್ಪನೇ ಸುಳ್ಳು ದಾಖಲೆ ಕೊಟ್ಟು ಮೈದಾನಕ್ಕೆ ಇಳಿಸಿದ ಹುಡುಗನಿಗೆ ಆ ಮೈದಾನ ಪ್ರಾಮಾಣಿಕತೆಯ ಪಾಠ ಹೇಳುತ್ತದೆಯೆಂದು ನಂಬುವುದಾದರೂ ಹೇಗೆ?

ಇದಕ್ಕೆ ಪ್ರತಿಯಾಗಿ ನಮ್ಮವರೇ ಆದ ಗುಂಡಪ್ಪ ವಿಶ್ವನಾಥ್ ನೆನಪಾಗುತ್ತಾರೆ. 1980ರಲ್ಲಿ ಮುಂಬೈಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅವರು ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್, ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ 171 ರನ್ ತಲುಪಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಭದ್ರಾವತಿಯ ಬಾಲ್ಯದ ಆಟದಿಂದಲೇ ಆ ಗುಣ ಬಂತೆಂದು ಯಾರೂ ಸಾಧಿಸಲಾರರು. ಆದರೆ ನ್ಯಾಯ ಅಂಪೈರ್ ಬೆರಳಲ್ಲಿಲ್ಲ, ಆಡುವವರ ಒಪ್ಪಂದದಲ್ಲಿದೆ ಎಂದು ಅರಿತವರ ನಡೆ ಹೇಗಿರುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಆಟ ಆಡಿದವರು ಒಳ್ಳೆಯವರಾದರು ಎನ್ನುವುದಕ್ಕಿಂತ, ಮೊದಲೇ ಹೊಂದಿಕೊಂಡು ಹೋಗುವ ಸ್ವಭಾವದವರು ಆಟಕ್ಕೆ ಬಂದರು ಎಂದೇಕೆ ಹೇಳಬಾರದು? ಬರೀ ಅನಿಸಿಕೆಗಳಿಂದ ಇದಕ್ಕೆ ಉತ್ತರವಿಲ್ಲ. ಅದೃಷ್ಟವಶಾತ್ ಪ್ರಯೋಗಗಳಿವೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಗಳ 800 ಹುಡುಗರು ಮತ್ತು ಯುವಕರನ್ನು ಕ್ರಿಕೆಟ್ ಲೀಗುಗಳಲ್ಲಿ ಆಡಿಸಿದರು. ಯಾರು ಒಂದೇ ಜಾತಿಯ ತಂಡಕ್ಕೆ, ಯಾರು ಮಿಶ್ರ ತಂಡಕ್ಕೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿತ್ತು, ಆದ್ದರಿಂದ ಒಳ್ಳೆಯವರೇ ಒಂದೆಡೆ ಸೇರಿದರೆನ್ನುವ ಹಾಗಿಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದೇ ತಂಡದಲ್ಲಿ ಕೂಡಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯವರನ್ನೇ ಮೆಚ್ಚುವ ಪಕ್ಷಪಾತ ಇಳಿಯಿತು. ಎದುರಾಳಿಗಳಾಗಿಯಷ್ಟೇ ಇನ್ನೊಂದು ಜಾತಿಯವರನ್ನು ಕಂಡವರಲ್ಲಿ ಒಡನಾಟ ಕಡಿಮೆಯಾಯಿತು. ಆಟ ಒಂದೇ, ಮೈದಾನ ಒಂದೇ. ಭುಜಕ್ಕೆ ಭುಜ ಕೊಟ್ಟದ್ದಕ್ಕೆ ಒಂದು ಫಲ, ಎದುರುಬದುರು ನಿಂತದ್ದಕ್ಕೆ ಇನ್ನೊಂದು.

ಆದರೂ ಇದನ್ನು ಹಿಗ್ಗಿಸಿ ಹೇಳಬಾರದು. ಐಸಿಸ್ ದಾಳಿಯಿಂದ ನಿರಾಶ್ರಿತರಾದ ಇರಾಕಿನ ಕ್ರೈಸ್ತರನ್ನು ಮುಸ್ಲಿಂ ಆಟಗಾರರೊಂದಿಗೆ ಫುಟ್‌ಬಾಲ್ ತಂಡಗಳಲ್ಲಿ ಬೆರೆಸಿ ರಾಜ್ಯಶಾಸ್ತ್ರಜ್ಞೆ ಸಲ್ಮಾ ಮೂಸಾ ನಡೆಸಿದ ಅಧ್ಯಯನ 2020ರಲ್ಲಿ ಬಂತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಲೀಗ್ ಮುಗಿದ ತಿಂಗಳುಗಳ ನಂತರವೂ ಮುಸ್ಲಿಮರೊಂದಿಗೆ ಅಭ್ಯಾಸ ಮಾಡುತ್ತಿದ್ದರು, ಬೇರೆ ತಂಡದ ಮುಸ್ಲಿಂ ಆಟಗಾರನಿಗೂ ಉತ್ತಮ ನಡತೆಯ ಪ್ರಶಸ್ತಿಗೆ ಮತ ಹಾಕಿದರು. ಆದರೆ ಮೈದಾನದ ಹೊರಗೆ, ಮುಸ್ಲಿಮರೇ ಹೆಚ್ಚಿರುವ ಮೋಸುಲ್ ನಗರದ ಹೋಟೆಲಿಗೆ ಹೋಗುವಂಥ ವಿಷಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪಾಲ್ವಂಕರ್ ಬಾಲೂ ಅವರ ಚಹಾದ ಕುಡಿಕೆಗೆ ವಿವರಣೆ ಬಹುಶಃ ಇಲ್ಲಿದೆ. ಆಟ ಆಟದೊಳಗಿನ ಸಂಬಂಧವನ್ನು ಬದಲಿಸುತ್ತದೆ; ಅದು ಪೆವಿಲಿಯನ್ನಿನ ಮೆಟ್ಟಿಲು ಹತ್ತಬೇಕಾದರೆ ಕ್ಲಬ್ಬು, ಶಾಲೆ, ಮನೆಗಳೂ ಬದಲಾಗಬೇಕು. ಮಿಶ್ರ ತಂಡ ಕಟ್ಟಿ, ಆಮೇಲೆ ಊಟದ ಸಾಲುಗಳನ್ನು ಬೇರೆ ಮಾಡುವ ಶಾಲೆ ತಾನು ಕಲಿಸಿದ್ದನ್ನು ತಾನೇ ಅಳಿಸುತ್ತದೆ.

ಎರಡನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಬ್ಯಾಟು ತಂದವನೇ ರಾಜ, ಗಟ್ಟಿ ದನಿಯವನದೇ ತೀರ್ಪು, ಹುಡುಗಿಯರಿಗೆ ಬೌಂಡರಿ ಆಚೆಗೂ ಜಾಗವಿಲ್ಲ ಎಂಬ ಮಾತು ಸುಳ್ಳಲ್ಲ. ನಮ್ಮ ಬಯಲುಗಳಲ್ಲಿ ಸಂಜೆ ಹೊತ್ತು ಕಾಣುವವರು ಹೆಚ್ಚಾಗಿ ಹುಡುಗರೇ. ಹತ್ತನೆಯ ವಯಸ್ಸಿನವರೆಗೆ ಕುಂಟೆಬಿಲ್ಲೆ, ಲಗೋರಿ ಆಡಿದ ಹುಡುಗಿಯನ್ನು ಹನ್ನೆರಡಕ್ಕೆ ಮನೆಯೊಳಗೆ ಕರೆದುಕೊಳ್ಳುತ್ತೇವೆ. ಪಿಯಾಜೆ ಕೂಡ ಗೋಲಿಯಾಟದಲ್ಲಿ ಹುಡುಗರನ್ನಷ್ಟೇ ನೋಡಿದರು, ಹುಡುಗಿಯರ ಆಟಗಳನ್ನು ನೋಡಿ ಅವರಲ್ಲಿ ನಿಯಮಪ್ರಜ್ಞೆ ಕಡಿಮೆ ಎಂದುಬಿಟ್ಟರು. ಜಗಳ ಬಂದಾಗ ಹುಡುಗಿಯರು ಗೆಳೆತನ ಉಳಿಸಲು ಆಟವನ್ನೇ ನಿಲ್ಲಿಸುವುದೂ ಒಂದು ಮೌಲ್ಯವೇ ಎಂದು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲ್ಲಿಗನ್ 1982ರಲ್ಲಿ ತಿರುಗಿ ಕೇಳಿದರು. ಆದ್ದರಿಂದ ಹಿರಿಯರು ದೂರವಿರಬೇಕೆಂದು ನಾನು ಹೇಳುತ್ತಿಲ್ಲ. ಅವರ ಕೆಲಸ ಬೇರೆ. ಬಯಲು ಎಲ್ಲರದೂ ಆಗಿರುವಂತೆ, ತಂಡಗಳಲ್ಲಿ ಜಾತಿ, ಧರ್ಮ, ಗಂಡು, ಹೆಣ್ಣು ಬೆರೆಯುವಂತೆ, ಯಾರ ಮೈಮೇಲೂ ಕೈ ಬೀಳದಂತೆ ಅವರು ನೋಡಿಕೊಳ್ಳಲಿ. ರನ್‌ಔಟಿನ ಜಗಳವನ್ನು ಮಕ್ಕಳಿಗೆ ಬಿಡಲಿ. ಕೊಡಗಿನಲ್ಲಿ 1997ರಲ್ಲಿ ಶುರುವಾದ ಕುಟುಂಬ ಹಾಕಿ ಹಬ್ಬದಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಇಳಿಯುವುದುಂಟು. ಆಟದೊಳಗೆ ಜಾಗ ಮಾಡಿಕೊಡುವುದು ಹಿರಿಯರು ಮನಸ್ಸು ಮಾಡಿದರೆ ಆಗುವ ಕೆಲಸ.

ಹೀಗೆ ಬಿಟ್ಟರೆ ಪದಕ ಬರುವುದು ಹೇಗೆ ಎಂಬ ಆತಂಕಕ್ಕೆ ನಾರ್ವೆಯ ಕಡೆ ಕೈ ತೋರಿಸಿದರೆ ಸಾಕು. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆ ಕಟ್ಟುನಿಟ್ಟಾದ ಹಕ್ಕುಪಟ್ಟಿ ಮಾಡಿದೆ. ಹದಿಮೂರು ತುಂಬುವ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ, ತೀರಾ ಚಿಕ್ಕವರಿಗೆ ರ್‍ಯಾಂಕಿಂಗ್ ಪಟ್ಟಿಯೂ ಇಲ್ಲ, ಎಷ್ಟು ಆಡಬೇಕೆಂಬುದರಲ್ಲಿ ಮಗುವಿನ ಮಾತಿಗೂ ಬೆಲೆ. ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಹಿಮದ ನಾಡಿಗೆ ಹಿಮದ ಆಟ ಒಲಿದೀತು, ಸರಿ. ಆದರೆ ಎಳೆಯರನ್ನು ಬೇಗ ಸ್ಪರ್ಧೆಗೆ ದೂಡದಿದ್ದರೆ ದೇಶ ಹಿಂದುಳಿಯುತ್ತದೆ ಎಂಬ ಭಯಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ಮೇಲಾಗಿ ಕೋಚಿಂಗ್‌ಗೆ ಹೋಗುವ ಮಕ್ಕಳಲ್ಲಿ ರಾಜ್ಯದ ತಂಡ ಮುಟ್ಟುವವರು ಬೆರಳೆಣಿಕೆ. ಉಳಿದವರೆಲ್ಲ ಮುಂದೆ ನೆರೆಹೊರೆಯವರು, ಗುಮಾಸ್ತರು, ವೈದ್ಯರು, ಪಂಚಾಯತಿ ಸದಸ್ಯರು ಆಗುವವರು.

ಬೇಸಿಗೆ ಶಿಬಿರಕ್ಕೆ ಮಗುವಿನ ಹೆಸರು ಬರೆಸುವ ತಂದೆತಾಯಂದಿರು ಶುಲ್ಕದ ಜೊತೆ ಇನ್ನೆರಡು ಪ್ರಶ್ನೆ ಕೇಳಲಿ: ದಿನದಲ್ಲಿ ಒಂದು ಗಂಟೆಯಾದರೂ ಮಕ್ಕಳು ತಾವೇ ತಂಡ ಮಾಡಿಕೊಂಡು, ತಾವೇ ತೀರ್ಪು ಕೊಟ್ಟುಕೊಂಡು ಆಡುತ್ತಾರೆಯೇ? ಆ ತಂಡದಲ್ಲಿ ನಮ್ಮಂಥವರ ಮಕ್ಕಳು ಬಿಟ್ಟು ಬೇರೆಯವರೂ ಇದ್ದಾರೆಯೇ? ಮುಖ್ಯೋಪಾಧ್ಯಾಯರಲ್ಲೂ ಒಂದು ಬಿನ್ನಹ: ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದು ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ, ಮತ್ತು ವಾರದಲ್ಲಿ ಒಂದು ದಿನ ಆ ಪೀರಿಯಡ್ಡಿನಲ್ಲಿ ಸೀಟಿಯನ್ನು ಆಫೀಸಿನಲ್ಲೇ ಇಟ್ಟು ಬನ್ನಿ.