ಹೊರಗೆ ಕಾಣದ ಗಾಯ: ನೆಲ್ಸನ್ನನ ಬಲಗಣ್ಣು

ಇಂಗ್ಲೆಂಡಿನ ನೌಕಾನಾಯಕ ಹೊರೇಷಿಯೋ ನೆಲ್ಸನ್ನನನ್ನು ಜನಪ್ರಿಯ ಚಿತ್ರಗಳು ಬಲಗಣ್ಣಿಗೆ ಕರಿಯ ಪಟ್ಟಿ ಕಟ್ಟಿದವನನ್ನಾಗಿ ತೋರಿಸುವುದುಂಟು. ಆ ಕಣ್ಣಿನ ದೃಷ್ಟಿ ನಷ್ಟವಾದುದು ದಿಟ. ಪಟ್ಟಿಯು ಮಾತ್ರ ಅನಂತರದ ಕಲ್ಪನೆ. ಈ ಕಲ್ಪನೆಗೆ ಎಡೆ ದೊರೆತದ್ದು ಹೇಗೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

1794ರ ಜುಲೈ 12ರಂದು, ಕಾರ್ಸಿಕಾ ದ್ವೀಪದ ಕ್ಯಾಲ್ವಿ ಕೋಟೆಯ ಮುತ್ತಿಗೆಯಲ್ಲಿ, ಶತ್ರುಗಳ ಗುಂಡೊಂದು ಫಿರಂಗಿಯ ನೆಲೆಗೆ ಬಡಿದು, ಸಿಡಿದ ಮರಳು ಕಲ್ಲುಗಳು ನೆಲ್ಸನ್ನನ ಮುಖಕ್ಕೆ ಅಪ್ಪಳಿಸಿದವು. ಅಂದೇ ತನ್ನ ಮೇಲಧಿಕಾರಿ ಹುಡ್‌ನಿಗೆ ಬರೆದ ಪತ್ರದಲ್ಲಿ ಆತನು ಅದನ್ನು ಅಲ್ಪ ಗಾಯವೆಂದೇ ತಿಳಿಸಿದನು. ಆಗಸ್ಟಿನಲ್ಲಿ ಪತ್ನಿಗೆ ಬರೆದ ಪತ್ರದ ಧಾಟಿ ಬೇರೆ: ಬೆಳಕು ಕತ್ತಲೆಗಳ ಭೇದ ತಿಳಿಯುತ್ತದೆ, ಆದರೆ ಕಣ್ಣು ಉಪಯೋಗಕ್ಕಿಲ್ಲ, ಪಾಪೆಯು ಬಹಳವಾಗಿ ಹಿಗ್ಗಿದೆ, ಆದರೂ ಹೇಳಿದ ಹೊರತು ಊನವು ಇತರರಿಗೆ ಗೋಚರಿಸದು.

ಇದರಲ್ಲಿ ವಿರೋಧವೇನೂ ಇಲ್ಲ. ಮುಖಕ್ಕೆ ಬಲವಾದ ಪೆಟ್ಟು ತಗಲಿದಾಗ ಕಣ್ಣುಗುಡ್ಡೆಯು ಕ್ಷಣಕಾಲ ಅದುಮಲ್ಪಡುತ್ತದೆ. ಪಾಪೆಯನ್ನು ಕುಗ್ಗಿಸುವ ಸ್ನಾಯು ಹರಿದರೆ ಪಾಪೆ ಹಿಗ್ಗಿಯೇ ಉಳಿಯಬಹುದು. ಒಳಗೆ ರಕ್ತಸ್ರಾವವಾಗಬಹುದು, ಅಕ್ಷಿಪಟಲವು ಹರಿಯಬಹುದು ಅಥವಾ ಕಳಚಬಹುದು, ದೃಷ್ಟಿನರವು ಘಾಸಿಗೊಳ್ಳಬಹುದು. ಅಕ್ಷಿಪಟಲವು ಕಳಚುವುದು ಕೆಲವೊಮ್ಮೆ ವಾರಗಳ ಅಥವಾ ತಿಂಗಳುಗಳ ಅನಂತರ. ಇಷ್ಟಾದರೂ ಕಣ್ಣಿನ ಹೊರರೂಪ ಕೆಡದೆ ಇರಬಹುದು. ಜೀವಂತ ಕಣ್ಣಿನ ಒಳಗನ್ನು ನೋಡುವ ನೇತ್ರದರ್ಶಕವನ್ನು ಹೆಲ್ಮ್‌ಹೋಲ್ಟ್ಸನು ಪ್ರಕಟಪಡಿಸಿದ್ದು 1851ರಲ್ಲಿ. ಆದುದರಿಂದ ನೆಲ್ಸನ್ನನ ವೈದ್ಯರಿಗೆ ಹಾನಿಯ ನೆಲೆಯನ್ನು ಕಾಣುವ ಸಾಧನವೇ ಇರಲಿಲ್ಲ.

1797ರಲ್ಲಿ ಟೆನೆರಿಫೆಯ ಕಾಳಗದಲ್ಲಿ ಆತನ ಬಲಗೈಯೂ ಹೋಯಿತು. ಅದೇ ವರ್ಷ ದೊರೆಗೆ ಸಲ್ಲಿಸಿದ ಬಿನ್ನವತ್ತಳೆಯಲ್ಲಿ ಆತನು ಬಲಗಣ್ಣನ್ನೂ ಬಲಗೈಯನ್ನೂ ಕಳೆದುಕೊಂಡುದಾಗಿ ಒಟ್ಟಿಗೆ ನಮೂದಿಸಿದನು. ಕೈಯನ್ನು ಕತ್ತರಿಸಿ ತೆಗೆಯಲಾಗಿತ್ತು. ಕಣ್ಣಾದರೋ ಸ್ವಸ್ಥಾನದಲ್ಲಿಯೇ ಇದ್ದಿತು. ಒಂದೇ ಕ್ರಿಯಾಪದವು ಎರಡು ಬಗೆಯ ನಷ್ಟಗಳನ್ನು ಹೊತ್ತಿತು. ಆ ಮಾತನ್ನು ಅಕ್ಷರಶಃ ಗ್ರಹಿಸಿದವರಿಗೆ ಬರಿದಾದ ಕಣ್ಣುಗೂಡೂ ಅದನ್ನು ಮುಚ್ಚುವ ಪಟ್ಟಿಯೂ ಸಹಜವಾಗಿ ಹೊಳೆದಿರಬೇಕೆಂದು ನಮಗೆ ತೋರುತ್ತದೆ. ಆತನು ಟೋಪಿಗೆ ಹೊಂದಿಸಿಕೊಂಡಿದ್ದ ಹಸಿರು ಮರೆಯಾದರೋ, ಉಳಿದ ಒಳ್ಳೆಯ ಕಣ್ಣನ್ನು ಬಿಸಿಲಿನಿಂದ ಕಾಪಾಡಲು. ಲಂಡನ್ನಿನ ಟ್ರಫಾಲ್ಗರ್ ಚೌಕದ ಪ್ರತಿಮೆಯಲ್ಲಿಯೂ ಪಟ್ಟಿಯಿಲ್ಲ.

ಹೊರಗೆ ಕಾಣುವ ಗಾಯವನ್ನು ಜನರು ಸುಲಭವಾಗಿ ನಂಬುತ್ತಾರೆ. ಕಾಣದ ಗಾಯಕ್ಕೆ ಗಾಯಗೊಂಡವನ ಮಾತೇ ಮೊದಲ ಸಾಕ್ಷ್ಯ. ಚರಿತ್ರಕಾರನು ಚಿತ್ರಕ್ಕಿಂತ ಮೊದಲು ಆ ಪತ್ರಗಳನ್ನು ಓದಬೇಕು. ಮುಖಕ್ಕೆ ಪೆಟ್ಟು ಬಿದ್ದವನು ದೃಷ್ಟಿ ಮಸುಕಾಗಿದೆಯೆಂದರೆ, ಕಣ್ಣು ನೆಟ್ಟಗೆ ಕಂಡರೂ, ವೈದ್ಯನು ಅದರ ಒಳಗನ್ನು ಪರೀಕ್ಷಿಸಬೇಕಾದುದು ಇದೇ ಕಾರಣದಿಂದ.