ಶಂಕರಘಟ್ಟದಲ್ಲಿ ಎಲೆಕ್ಟ್ರಾನಿನ ವೇಗ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾಗಿದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರಿಗೆ ಎಲೆಕ್ಟ್ರಾನ್ ಕೊಡಿಸಿ ಕಬ್ಬಿಣ ಮಾಡುವುದು ಅಲ್ಲಿನ ಕುಲುಮೆಯ ಕೆಲಸವಾಗಿತ್ತು. ಅದೇ ಕಬ್ಬಿಣ ಮಲೆನಾಡಿನ ಮಳೆಗೆ ಸಿಕ್ಕರೆ ಪಡೆದ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತುಕ್ಕಾಗುತ್ತದೆ. ಇಂಥ ಕ್ರಿಯೆ ನಡೆಯಬಲ್ಲದೇ ಎಂಬುದನ್ನು ಪಿಯುಸಿಯಲ್ಲಿ ಕಲಿಸುವ ವಿಭವದ ಲೆಕ್ಕ ಹೇಳುತ್ತದೆ. ಎಷ್ಟು ಬೇಗ ನಡೆಯುತ್ತದೆ ಎಂಬುದು ಅದರಿಂದ ತಿಳಿಯದು. ಅದನ್ನು ಅಳೆದೇ ನೋಡಬೇಕು.

ಭದ್ರಾವತಿ ತಾಲ್ಲೂಕಿನದೇ ಆದ ಶಂಕರಘಟ್ಟದಲ್ಲಿ ಎಲೆಕ್ಟ್ರಾನ್ ವಿನಿಮಯದ ವೇಗದ ಇಂಥ ಅಳತೆ ನಡೆದಿದೆ. ಕುವೆಂಪು ವಿಶ್ವವಿದ್ಯಾಲಯದ ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದ ಬಿ.ಇ. ಕುಮಾರಸ್ವಾಮಿ ಮತ್ತು ಅವರ ವಿದ್ಯಾರ್ಥಿಗಳು ಪ್ರಕಟಿಸಿದ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಸಾಧನ ಕಾರ್ಬನ್ ಪೇಸ್ಟ್ ವಿದ್ಯುದ್ವಾರ. ಅಮೆರಿಕದ ಕಾನ್ಸಾಸ್‌ನಲ್ಲಿ ರಾಲ್ಫ್ ಆಡಮ್ಸ್ 1958ರಲ್ಲಿ ಪರಿಚಯಿಸಿದ್ದು ಇದು. ಏಳು ಪಾಲು ಗ್ರಾಫೈಟ್ ಪುಡಿ, ಮೂರು ಪಾಲು ಸಿಲಿಕೋನ್ ಎಣ್ಣೆ. ಅಗೇಟ್ ಖಲ್ವದಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕೈಯಿಂದಲೇ ಅರೆದು, ಸಣ್ಣ ಟೆಫ್ಲಾನ್ ನಳಿಕೆಯ ಬಾಯಿಗೆ ತುಂಬಿ, ಕಾಗದದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಜಿಲ್ಲೆಯ ಯಾವ ಕಾಲೇಜಿನಲ್ಲಾದರೂ ಮಾಡಬಹುದಾದಷ್ಟು ಅಗ್ಗದ ಕೆಲಸ. ನನಗೆ ಇದರಲ್ಲಿ ತುಂಬ ಇಷ್ಟವಾಗುವ ಸಂಗತಿಯೂ ಅದೇ.

ಈ ವಿದ್ಯುದ್ವಾರವನ್ನು ಪರೀಕ್ಷಿಸುವ ವಸ್ತುವಿನ ದ್ರಾವಣದಲ್ಲಿಳಿಸಿ ವೋಲ್ಟೇಜನ್ನು ಏರಿಸಿ ಇಳಿಸಿದರೆ, ಆ ವಸ್ತು ಎಲೆಕ್ಟ್ರಾನ್ ಬಿಡುವಾಗ ವಿದ್ಯುತ್ ಪ್ರವಾಹದಲ್ಲಿ ಒಂದು ಶಿಖರ, ಮರಳಿ ಪಡೆಯುವಾಗ ಇನ್ನೊಂದು ಶಿಖರ ಕಾಣುತ್ತವೆ. ಒಂದೇ ಎಲೆಕ್ಟ್ರಾನ್ ಚುರುಕಾಗಿ ವಿನಿಮಯವಾದರೆ ಇವೆರಡರ ನಡುವಿನ ಅಂತರ ಕೋಣೆಯ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್. ವಿನಿಮಯ ನಿಧಾನವಾದಷ್ಟೂ ಅಂತರ ಹಿಗ್ಗುತ್ತದೆ. ಆ ಅಂತರದಿಂದ ವೇಗದ ಸ್ಥಿರಾಂಕವನ್ನು ಪಡೆಯುವ ದಾರಿಯನ್ನು ರಸಾಯನಶಾಸ್ತ್ರಜ್ಞ ನಿಕೋಲ್ಸನ್ 1965ರಲ್ಲಿ ತೋರಿಸಿದರು.

ನಿಧಾನವೇಕೆ? ಎಲೆಕ್ಟ್ರಾನ್ ಜಿಗಿಯುವ ಮೊದಲು ಅಣುವೂ ಸುತ್ತಲಿನ ನೀರೂ ಹೊಸ ಸ್ಥಿತಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಶಕ್ತಿ ಬೇಕು. ಇದನ್ನು ಲೆಕ್ಕಕ್ಕೆ ತಂದ ರುಡಾಲ್ಫ್ ಮಾರ್ಕಸ್‌ಗೆ 1992ರಲ್ಲಿ ನೊಬೆಲ್ ಬಂತು.

ಶಂಕರಘಟ್ಟದವರು ಹೆಚ್ಚಾಗಿ ಹುಡುಕಿದ್ದು ಡೋಪಮೈನನ್ನು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಡಿಮೆಯಾಗುವ ರಾಸಾಯನಿಕವದು. ದೇಹದಲ್ಲಿ ಅದರ ಜೊತೆಗೇ ಸಿಗುವ ವಿಟಮಿನ್ ಸಿ ಕೂಡ ಬರಿಯ ಪೇಸ್ಟಿನ ಮೇಲೆ ಹತ್ತಿರಹತ್ತಿರದ ವೋಲ್ಟೇಜಿನಲ್ಲೇ ಎಲೆಕ್ಟ್ರಾನ್ ಬಿಡುವುದರಿಂದ ಎರಡರ ಶಿಖರಗಳೂ ಕಲಸಿಹೋಗುತ್ತವೆ. ಪೇಸ್ಟಿನ ಮೇಲ್ಮೈಯನ್ನು ತಕ್ಕ ವಸ್ತುವಿನಿಂದ ಮಾರ್ಪಡಿಸಿದರೆ ವಿನಿಮಯದ ವೇಗ ಬದಲಾಗಿ ಶಿಖರಗಳು ಬೇರ್ಪಡುತ್ತವೆ. ಆಗ ಒಂದೇ ದ್ರಾವಣದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಅಳೆಯಬಹುದು.